ಪಿಟ್ಸ್‌ಬರ್ಗ್‌ನ ಹಳೆಯ ನ್ಯಾಯಾಲಯದ ಮುಂಬದಿಯ ದೊಡ್ಡ ಕಮಾನುಗಳು ಬೀದಿಯಿಂದ ಅಷ್ಟು ಎತ್ತರದಲ್ಲಿರುವುದೇಕೆ?

ಕಮಾನುಗಳು ಇದ್ದಲ್ಲಿಯೇ ಇವೆ. ತಗ್ಗಿದ್ದು ಅವುಗಳ ಮುಂದಿನ ಗ್ರಾಂಟ್ ಬೀದಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಅಲೆಘೆನಿ ಕೌಂಟಿಯ (ಕೌಂಟಿಯೆಂದರೆ ಸರಿಸುಮಾರು ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಹಿಂದಿನ ನ್ಯಾಯಾಲಯ 1882ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಈಗಿನದನ್ನು ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ವಿನ್ಯಾಸಗೊಳಿಸಿದರು. ಕಟ್ಟಡ ಮುಗಿದದ್ದು 1888ರಲ್ಲಿ; ಅಷ್ಟರಲ್ಲಿ, 1886ರಲ್ಲೇ, ಅವರು ತೀರಿಕೊಂಡಿದ್ದರು.

ಆ ಕಾಲದಲ್ಲಿ ಬೀದಿಯು ಒಂದು ದಿಬ್ಬವನ್ನು ಹತ್ತಿ ಇಳಿಯುತ್ತಿತ್ತು. ಸಂಚಾರಕ್ಕೆ ಆ ಏರು ತೊಡಕಾಗಿದ್ದರಿಂದ 1910ರ ದಶಕದಲ್ಲಿ ದಿಬ್ಬವನ್ನು ಕಡಿದು ಬೀದಿಯನ್ನು ತಗ್ಗಿಸಲಾಯಿತು. ಗ್ರಾನೈಟ್ ಕಲ್ಲಿನ ಅಷ್ಟು ಭಾರದ ಕಟ್ಟಡವನ್ನು ಬೀದಿಯ ಜೊತೆಗೆ ಇಳಿಸುವ ಮಾತೇ ಇರಲಿಲ್ಲವಾದ್ದರಿಂದ, ನೆಲಮಾಳಿಗೆಯ ಗೋಡೆ ಹೊರಗೆ ಕಾಣಿಸಿಕೊಂಡು ಅದೇ ಬೀದಿಮಟ್ಟದ ಅಂತಸ್ತಾಯಿತು, ಮೂಲ ಪ್ರವೇಶದ್ವಾರ ಮೇಲೆಯೇ ಉಳಿಯಿತು. ಇಂದು ಜನ ಒಳಗೆ ಹೋಗುವುದು ಹಿಂದಿನ ನೆಲಮಾಳಿಗೆಯ ಮಟ್ಟದಿಂದ.

ಇದರಿಂದ ಕಟ್ಟಡದ ಅಂದಕ್ಕೆ ಪೆಟ್ಟು ಬಿದ್ದಿದೆಯೆಂದೇ ನನ್ನ ಅಭಿಪ್ರಾಯ. ಅರೆವೃತ್ತದ ಕಮಾನು, ದಪ್ಪ ಗೋಡೆ, ಒರಟಾಗಿಯೇ ಉಳಿಸಿದ ಕಲ್ಲಿನ ಮುಖ, ಇವುಗಳಿಂದ ಕೂಡಿದ ರೋಮನೆಸ್ಕ್ ಶೈಲಿಯ (ಮಧ್ಯಯುಗದ ಯುರೋಪಿನ ಚರ್ಚು, ಕೋಟೆಗಳ ಮಾದರಿಯ) ಕಟ್ಟಡ ನೆಲಕ್ಕೆ ಅಂಟಿ ಕೂತಂತಿದ್ದರೇ ಚೆನ್ನ.