ಜಪಾನಿ ರಂಗಭೂಮಿ ಓದುವ ಆಸೆ: ಭಾಷೆ ಕಲಿಯಲೇಬೇಕೆ?

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಯಕ್ಷಗಾನ ನೋಡುತ್ತಲೇ ಬೆಳೆದವಳು, ಹೆಜ್ಜೆಯನ್ನೂ ಕಲಿಯುತ್ತಿದ್ದೇನೆ. ಜಪಾನಿನ ‘ನೋ’ ನಾಟಕದ ವಿಡಿಯೊ ನೋಡಿದ ಮೇಲೆ ಅಲ್ಲಿನ ಸಾಹಿತ್ಯ, ರಂಗಭೂಮಿಯನ್ನೇ ಪದವಿಗೆ ಓದಬೇಕೆನಿಸಿದೆ. ಇಂಗ್ಲಿಷ್ ಅನುವಾದಗಳಿರುವಾಗ ಭಾಷೆ ಕಲಿಯಲೇಬೇಕೆ? ಎಲ್ಲಿ ಓದಬಹುದು?
– ಓದುಗರು, ಕುಂದಾಪುರ

ಉತ್ತರ: ಕಲಿಯಲೇಬೇಕು, ಅದೂ ಎರಡು ಸಲ. ಮೊದಲು ಇಂದಿನ ಜಪಾನಿ, ಆಮೇಲೆ ಹಳೆಯ ಜಪಾನಿ. ಹೊಸಗನ್ನಡ ಮಾತ್ರ ಬಲ್ಲವರು ಪಂಪನನ್ನು ಓದಲು ಕುಳಿತರೆ ಏನಾಗುತ್ತದೋ ನೋ ನಾಟಕದ ಮುಂದೆಯೂ ಅದೇ ಆಗುತ್ತದೆ.

ಒಂದು ಉದಾಹರಣೆ ನೋಡಿ. ‘ಹನಾ’ ಎಂದರೆ ಹೂ. ಹಳೆಯ ಜಪಾನಿಯಲ್ಲಿ ‘ಹನಾ ಸಕಿನು’ ಎಂದರೆ ಹೂ ಅರಳಿತು. ‘ಸಕನು ಹನಾ’ ಎಂದರೆ ಅರಳದ ಹೂ. ಎರಡು ಕ್ರಿಯಾಪದಗಳ ಕೊನೆಗೂ ‘ನು’ ಇದೆ. ಅರ್ಥ ತಿರುಗುವುದು ಅದರ ಹಿಂದಿನ ಒಂದೇ ಸ್ವರದಲ್ಲಿ. ಈಗ ನಮ್ಮ ‘ಅರಳಿದ ಹೂ’, ‘ಅರಳದ ಹೂ’ ಎಂಬುದನ್ನು ಒಮ್ಮೆ ಬಾಯಿಬಿಟ್ಟು ಹೇಳಿ. ಅಲ್ಲಿಯೂ ಅದೇ ಇಕಾರ, ಅದೇ ಅಕಾರ! ಇದು ಬರೀ ಕಾಕತಾಳೀಯ, ನಿಜ. ಆದರೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ನಾಮಪದಕ್ಕೆ ವಿಭಕ್ತಿ ಹಿಂದಿನಿಂದ ಹತ್ತುವುದು ನಿಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷ್ ದಾರಿಯಿಂದ ಬರುವವರಿಗೆ ಈ ಸಲೀಸು ಇಲ್ಲ. ಶ್ರಮ ಬೇಡುವುದು ಕಾಂಜಿ, ಅಂದರೆ ಚೀನಾದಿಂದ ಬಂದ ಲಿಪಿ. ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಅಕ್ಷರಗಳಿವೆ; ದಿನವೂ ಬರೆದು ಕೈಗೆ ಹತ್ತಿಸಿಕೊಳ್ಳಬೇಕು.

ನೋ ಕಲೆಗೆ ಶಾಸ್ತ್ರ ಬರೆದ ನಟ ಝೆಯಾಮಿ (ಸುಮಾರು 1363–1443) ನಟನೆಯ ಸೊಬಗಿಗೆ ಇಟ್ಟ ಹೆಸರೂ ‘ಹನಾ’ ಎಂದೇ. ನೀವು ನೋಡಿದ ವಿಡಿಯೊವನ್ನು ಮತ್ತೆ ಹಾಕಿ, ಮುಖವಾಡವನ್ನಷ್ಟೇ ಗಮನಿಸಿ. ನಟ ಅದನ್ನು ಎಳ್ಳಷ್ಟು ಮೇಲೆತ್ತಿದರೆ ಮುಖ ‘ಬೆಳಗಿತು’ ಎನ್ನುತ್ತಾರೆ. ಬಾಗಿಸಿದರೆ ‘ಮೋಡ ಕವಿಯಿತು’ ಎನ್ನುತ್ತಾರೆ. ಮರದ ಮುಖ ಅದೇ, ಬೆಳಕು ಬೀಳುವ ರೀತಿ ಬೇರೆ. ಪಕ್ಕದಲ್ಲಿ ಕುಳಿತ ಮೇಳದವರು, ಸಾಮಾನ್ಯವಾಗಿ ಎಂಟು ಜನ, ಎಷ್ಟೋ ಕಡೆ ಪಾತ್ರದ ಮಾತನ್ನೇ ಹಾಡುತ್ತಾರೆ. ಭಾಗವತರ ಪದಕ್ಕೆ ಕುಣಿದ ನಿಮಗೆ ಇದು ತಟ್ಟನೆ ಹಿಡಿಯುತ್ತದೆ. ಹಾಗೆಂದು ಎರಡೂ ಒಂದೇ ಎಂದುಕೊಳ್ಳಬೇಡಿ. ಯಕ್ಷಗಾನದ ವೇಷಧಾರಿ ಅರ್ಥವನ್ನು ರಂಗದ ಮೇಲೆಯೇ ಕಟ್ಟುತ್ತಾನೆ, ನೋ ನಟ ಬರೆದಿಟ್ಟ ಮಾತನ್ನು ದಾಟುವುದಿಲ್ಲ.

ಓದಲು ದೆಹಲಿಯ ಜೆಎನ್‌ಯುನಲ್ಲಿ ಜಪಾನಿ ಭಾಷೆಯ ಬಿ.ಎ. ಆನರ್ಸ್ ಇದೆ, ಪ್ರವೇಶ ಸಿಯುಇಟಿ ಎಂಬ ಪರೀಕ್ಷೆಯ ಮೂಲಕ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಜಪಾನಿ ಕಲಿಸುವ ನಿಪ್ಪೋನ್ ಭವನವಿದೆ. ಪದವಿಯಲ್ಲಿ ಜಪಾನಿ ಓದುವವರಿಗಾಗಿಯೇ ಜಪಾನ್ ಸರ್ಕಾರದ ವಿದ್ಯಾರ್ಥಿವೇತನವೊಂದಿದೆ. ಸಿಕ್ಕರೆ ಸುಮಾರು ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಲಿಯಬಹುದು. ಪದವಿಯಲ್ಲಿ ಭಾಷೆಯನ್ನು ಗಟ್ಟಿಮಾಡಿಕೊಂಡು, ರಂಗಭೂಮಿಯನ್ನು ಎಂ.ಎ.ಗೆ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರವೇಶಕ್ಕೆ ಕಾಯುತ್ತಾ ಕೂರಬೇಡಿ. ಜಪಾನಿಯ ಉಚ್ಚಾರಣೆ ಬರೆಯುವ ಸರಳ ಲಿಪಿಯಾದ ಹಿರಗಾನದ 46 ಅಕ್ಷರಗಳನ್ನು ಇಂದೇ ಶುರು ಮಾಡಿ, ಎರಡು ವಾರದಲ್ಲಿ ಕೈಗೆ ಬರುತ್ತವೆ. ಹೆಜ್ಜೆಯ ತರಗತಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.