ನೀವು ಕೇಳಿದಿರಿ: ಹೊರದೇಶದ ನೆರವು, ವಿಪತ್ತಿನ ಪರಿಹಾರ

ಪ್ರಶ್ನೆ: ಶ್ರೀಮಂತ ದೇಶಗಳು ತಮ್ಮ ಆದಾಯದ ಶೇ 0.7ರಷ್ಟನ್ನು ಬಡ ದೇಶಗಳಿಗೆ ಕೊಡಲೇಬೇಕಂತೆ. ಕೊಡುತ್ತಿವೆಯೇ?

ಉತ್ತರ: ಅದು ನಿಯಮವಲ್ಲ, 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇಟ್ಟ ಗುರಿ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ಗಳಂಥ ಕೆಲವೇ ದೇಶಗಳು ಅದನ್ನು ಮುಟ್ಟಿವೆ. ಮೊತ್ತಕ್ಕಿಂತ ಲೆಕ್ಕ ಬರೆಯುವ ರೀತಿಯನ್ನು ನೋಡಬೇಕು. ತನ್ನ ನೆಲಕ್ಕೇ ಬಂದ ನಿರಾಶ್ರಿತರ ಮೊದಲ ವರ್ಷದ ಖರ್ಚನ್ನೂ ದಾನಿ ದೇಶ ನೆರವಿನ ಬಾಬಿಗೆ ಹಾಕಬಹುದು. ಆ ದುಡ್ಡು ಗಡಿ ದಾಟಿಯೇ ಇರುವುದಿಲ್ಲ.

ಪ್ರಶ್ನೆ: ಭೂಕಂಪವಾದ ಕಡೆಗೆ ಬಟ್ಟೆ, ಔಷಧಿ ಕಳಿಸುತ್ತೇವೆಂದರೆ ‘ಬೇಡ, ಹಣ ಕೊಡಿ’ ಎನ್ನುತ್ತಾರೆ. ಕೊಟ್ಟದ್ದನ್ನು ಬೇಡವೆನ್ನುವುದು ಸರಿಯೇ?

ಉತ್ತರ: ಸರಿ. ಬೇಡದ ಸಾಮಾನು ಸುಮ್ಮನೆ ಬಿದ್ದಿರುವುದಿಲ್ಲ, ಬೇಕಾದ ಸಾಮಾನಿಗೆ ಅಡ್ಡ ನಿಲ್ಲುತ್ತದೆ. 2010ರಲ್ಲಿ ಹೈಟಿಯಲ್ಲಿ ಬಂದರು ಕುಸಿದಿತ್ತು, ರಾಜಧಾನಿಯ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಅಂಥ ಕಡೆ ಹಳೆ ಬಟ್ಟೆಯ ಮೂಟೆ ಇಳಿಸುವ ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆ ಕಾಯಬೇಕಾಗುತ್ತದೆ.

ಔಷಧಿಯದು ಇನ್ನೂ ಕಷ್ಟ. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ‘ಆಚೆ’ ಎಂಬ ಹೆಸರಿನ ಪ್ರಾಂತ್ಯಕ್ಕೆ ಅಲ್ಲಿನ ವೈದ್ಯರು ಬಳಸದ, ಅವಧಿ ಮುಗಿದ, ಸ್ಥಳೀಯರಿಗೆ ಓದಲು ಬಾರದ ಭಾಷೆಯ ಚೀಟಿಯಿದ್ದ ಔಷಧಿಗಳು ರಾಶಿ ರಾಶಿ ಬಂದವು. ಅವನ್ನು ಗುಂಡಿ ತೋಡಿ ಹೂಳುವಂತಿಲ್ಲ. ಹೆಚ್ಚು ಶಾಖದ ಕುಲುಮೆಯಲ್ಲಿ ಸುಡುವಂಥ ಸುರಕ್ಷಿತ ವಿಧಾನವೇ ಬೇಕು. ಆ ಖರ್ಚೂ ನೊಂದವರ ತಲೆಗೇ. ಔಷಧಿ ತಲುಪುವ ದಿನಕ್ಕೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ.

ಹಾಗೆಂದು ಹಣವೇ ಎಲ್ಲ ಕಾಲಕ್ಕೂ ಮೇಲಲ್ಲ. ಹಂಚುವ ಮುನ್ನ ಸಂತೆಗೆ ಹೋಗಿ ನೋಡಬೇಕು: ಧಾನ್ಯ ಇದೆಯೇ, ಖಾಲಿಯಾದರೆ ವ್ಯಾಪಾರಿ ಎಷ್ಟು ದಿನದಲ್ಲಿ ಮತ್ತೆ ತರಿಸಬಲ್ಲ, ಒಮ್ಮೆಗೇ ಸಾವಿರ ಮನೆಯವರು ಕೊಳ್ಳಲು ಬಂದರೆ ಬೆಲೆ ಎಷ್ಟು ಏರುತ್ತದೆ. ಸೇತುವೆ ಕೊಚ್ಚಿಹೋದ ಊರಿನಲ್ಲಿ ನೋಟು ಬರೀ ಕಾಗದ. ಅಲ್ಲಿಗೆ ಅಕ್ಕಿಯೇ ಹೋಗಬೇಕು. ಒಂದೇ ಊರಿನಲ್ಲಿ ಎರಡು ಸಂಸ್ಥೆಗಳು ಬೇರೆ ಬೇರೆ ಮೊತ್ತ ಕೊಟ್ಟರೆ ಜಗಳ ಖಂಡಿತ. ಮೊದಲೇ ಕೂತು ಒಂದು ಮೊತ್ತಕ್ಕೆ ಒಪ್ಪಬೇಕು.

ಪ್ರಶ್ನೆ: ಬರಗಾಲದ ಚಿತ್ರಗಳಲ್ಲಿ ಮಕ್ಕಳು ಪೊಟ್ಟಣ ಹಿಂಡಿ ಏನೋ ತಿನ್ನುತ್ತಿರುತ್ತಾರಲ್ಲ, ಅದೇನು?

ಉತ್ತರ: ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜ ಸೇರಿಸಿ ಅರೆದ ಮುದ್ದೆ. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲರಿ. ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ರೋಗಾಣು ಬೆಳೆಯುವುದಿಲ್ಲ. ಬೇಯಿಸಬೇಕಿಲ್ಲ. ಜೊತೆಗೆ ಶುದ್ಧ ನೀರು ಮಾತ್ರ ಧಾರಾಳವಾಗಿ ಕುಡಿಸಬೇಕು.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಮೇಲ್ದೋಳಿನ ನಡುಭಾಗಕ್ಕೆ ಟೇಪು ಸುತ್ತಿ ನೋಡುತ್ತಾರೆ. ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿಕೊಂಡು, ಒತ್ತಿದರೆ ಗುಳಿ ಬೀಳುತ್ತಿದ್ದರೆ ಅಳತೆ ಎಷ್ಟೇ ಇರಲಿ, ಅದೂ ತೀವ್ರವೇ. ಬೇರೆ ಕಾಯಿಲೆಯ ತೊಡಕಿಲ್ಲದ ಮಗು ಮುದ್ದೆಯನ್ನು ಚಪ್ಪರಿಸಿ ತಿಂದರೆ ಮನೆಯಲ್ಲೇ ಆರರಿಂದ ಎಂಟು ವಾರದ ಆರೈಕೆ ಸಾಕು. ಮುಖ ತಿರುಗಿಸಿದರೆ ಆಸ್ಪತ್ರೆಗೆ ಸೇರಿಸಬೇಕು. ಎಡವುವುದು ಮನೆಯಲ್ಲಿ. ಹಸಿದ ಅಣ್ಣ–ಅಕ್ಕಂದಿರ ಎದುರು ಒಂದು ಮಗುವಿಗಷ್ಟೇ ಕೊಡುವ ತಾಯಿ ಎಲ್ಲಿದ್ದಾಳೆ? ಪೊಟ್ಟಣ ಹಂಚಿಹೋಗುತ್ತದೆ, ತೂಕ ಏರುವುದಿಲ್ಲ. ಇಡೀ ಮನೆಗೆ ಪಡಿತರ ಕೊಟ್ಟರೆ ಮಾತ್ರ ಮದ್ದು ಮಗುವಿಗೆ ಉಳಿಯುತ್ತದೆ.

ಪ್ರಶ್ನೆ: ಆಫ್ರಿಕಾದ ಹಳ್ಳಿಗಳಲ್ಲಿ ನೆರವಿನ ಹಣದಿಂದ ಹಾಕಿದ ಕೈಪಂಪುಗಳು ಕೆಲವೇ ವರ್ಷಕ್ಕೆ ಕೆಡುವುದೇಕೆ?

ಉತ್ತರ: ಕೆಡುವುದು ಸಹಜ, ರಿಪೇರಿಯಾಗದಿರುವುದು ತಪ್ಪು. ಅಲ್ಲೆಲ್ಲ ಹೆಚ್ಚು ಕಾಣುವ ಇಂಡಿಯಾ ಮಾರ್ಕ್ 2 ಪಂಪಿನ ವಾಷರ್ ಇರುವುದು ಬಾವಿಯೊಳಗಿನ ಸಿಲಿಂಡರಿನಲ್ಲಿ. ಅದೊಂದನ್ನು ಬದಲಿಸಲು ಮೂರು ಮೂರು ಮೀಟರಿನ ಪೈಪುಗಳನ್ನೆಲ್ಲ ಮೇಲೆತ್ತಬೇಕು. 45 ಮೀಟರ್ ಆಳಕ್ಕೆ 15 ಪೈಪು. ಅದಕ್ಕೆ ತಕ್ಕ ಸಲಕರಣೆ, ಬಲ್ಲ ಮೆಕ್ಯಾನಿಕ್ ಬೇಕು. ಮಾರ್ಕ್ 3ರಲ್ಲಿ ಪೈಪು ಅಗಲವಿದ್ದು, ವಾಷರ್ ಇರುವ ಪಿಸ್ಟನ್ ಅದರೊಳಗಿಂದಲೇ ಮೇಲೆ ಬರುತ್ತದೆ, ಆದರೆ ಅದನ್ನು ಹಾಕಿಸಲು ಖರ್ಚು ಹೆಚ್ಚು.

ಇನ್ನೊಂದು ಕಾರಣ ನೀರೇ. ಪಿಎಚ್ 6.5ಕ್ಕಿಂತ ಕೆಳಗಿರುವ ಹುಳಿ ನೀರು ಸತು ಲೇಪಿಸಿದ ಕಬ್ಬಿಣದ ಪೈಪನ್ನು ತಿಂದುಹಾಕುತ್ತದೆ. ಕೊಳವೆಬಾವಿ ತೋಡಿದ ದಿನವೇ ಇದನ್ನು ಅಳೆದು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಪೈಪು ಹಾಕಬೇಕು. ಹಳೆಯ ಪಂಪಾದರೆ ಬೆಳಗಿನ ಮೊದಲ ಕೊಡ ನೋಡಿ: ನೀರು ಕೆಂಪಗೆ ಬಂದು, ಹೊಡೆಯುತ್ತ ಹೋದಂತೆ ತಿಳಿಯಾದರೆ ತುಕ್ಕು ಪೈಪಿನದು. ಎಷ್ಟು ಹೊಡೆದರೂ ಕೆಂಪಾಗಿಯೇ ಇದ್ದರೆ ಕಬ್ಬಿಣ ಅಂತರ್ಜಲದಲ್ಲೇ ಇದೆ; ಪೈಪು ಬದಲಿಸಿ ಪ್ರಯೋಜನವಿಲ್ಲ.