ಲಾಕ್ ನಟ್ ಬಿಚ್ಚುತ್ತಿಲ್ಲ, ಗ್ಯಾರೇಜಿನವರು ಕೈ ಎತ್ತಿದ್ದಾರೆ. ಏನು ಮಾಡಲಿ?

ಟೈರ್ ರೊಟೇಷನ್‌ಗೆ ಕೊಟ್ಟ ಕಾರು ವಾಪಸ್ ಬಂದಾಗ ಲಾಕ್ ನಟ್ಟಿನ (ಚಕ್ರ ಕಳುವಾಗದಿರಲಿ ಅಂತ ಬೇರೆ ಕೀಯಿಂದಲೇ ಬಿಚ್ಚುವ ಹಾಗೆ ಹಾಕುವ ನಟ್) ಕೀ ಸವೆದುಹೋಗಿತ್ತು, ಮುಂದಿನ ಎಡಗಡೆ ಚಕ್ರದ ನಟ್ ಈಗ ಅಲುಗಾಡುತ್ತಿಲ್ಲ, ಕೇಳಿದರೆ "ಮೊದಲೇ ಹೀಗಿತ್ತು" ಅಂತಾರೆ ಎಂದು ಬರೆದಿದ್ದೀರಿ. ಮೊದಲು ಒಂದು ಮಾತು. ಅದು ಬಿಚ್ಚುವವರೆಗೆ ದೂರದ ಊರಿಗೆ ಹೊರಡಬೇಡಿ. ನಟ್ ಟೈಟಾಗಿದ್ದರೆ ಊರೊಳಗೆ ಓಡಾಡಲು ತೊಂದರೆಯಿಲ್ಲ. ಆದರೆ ಪಂಕ್ಚರ್ ಆದರೆ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಬೆಂಗಳೂರಿನಿಂದ ದಾವಣಗೆರೆಗೆ ಹೋಗುವಾಗ ಹಿರಿಯೂರು ದಾಟಿದ ಮೇಲೆ ಹಿಂದಿನ ಟೈರ್ ಕೂತುಬಿಟ್ಟಿತು. ಕತ್ತಲಾಗಿತ್ತು, ಕಾರಿನಲ್ಲಿ ಅಮ್ಮ ಇದ್ದರು. ಮೂರು ನಟ್ ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಕೀ ಹಾಕಿ ಪಾನಾ ತಿರುಗಿಸಿದರೆ ಟಕ್ ಅಂತ ಜಾರಿತು. ಮೊಬೈಲ್ ಬೆಳಕಿನಲ್ಲಿ ನೋಡಿದೆ. ಹೂವಿನ ಎಸಳಿನ ಹಾಗೆ ಇರಬೇಕಾದ ಕೀಯ ಹಲ್ಲುಗಳು ಉರುಟಾಗಿದ್ದವು. ನಟ್ಟಿನ ಸೀಳಿನಲ್ಲಿ ಬೆಳ್ಳಿ ಪುಡಿಯಂಥ ಲೋಹದ ಚೂರು. ಒಂದು ವಾರದ ಹಿಂದಷ್ಟೇ ಸರ್ವಿಸ್ ಆಗಿತ್ತು. ಆ ರಾತ್ರಿ ಅಮ್ಮನನ್ನು ರಸ್ತೆ ಬದಿ ಎರಡು ಗಂಟೆ ಕೂರಿಸಿದ್ದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ತಪ್ಪು ನಟ್ಟಿನದಲ್ಲ, ಗ್ಯಾರೇಜಿನಲ್ಲಿ ನಟ್ ತಿರುಗಿಸುವ ಯಂತ್ರದ್ದು, ಅಂದರೆ ಇಂಪ್ಯಾಕ್ಟ್ ಗನ್ನಿನದು. ಹೆಚ್ಚಿನ ಸಣ್ಣ ಕಾರುಗಳ ನಟ್ಟಿಗೆ ಬೇಕಾಗುವುದು ಸುಮಾರು 85ರಿಂದ 130 ನ್ಯೂಟನ್ ಮೀಟರ್ ಬಿಗಿ. ಗ್ಯಾರೇಜಿನ ಗನ್ ಅದರ ಮೂರು ನಾಲ್ಕು ಪಟ್ಟು ಕೊಡಬಲ್ಲದು. ಲಾಕ್ ಕೀಯ ಹಲ್ಲು ತೆಳು. ಗನ್ ಸ್ವಲ್ಪ ಓರೆಯಾಗಿ ಕೂತರೂ ಒಂದೇ ಏಟಿಗೆ ಹಲ್ಲು ಹೋಗುತ್ತದೆ. ಅದಕ್ಕೇ ಲಾಕ್ ನಟ್ಟಿಗೆ ಗನ್ ಮುಟ್ಟಿಸಲೇಬಾರದು, ಬಿಚ್ಚಲಿಕ್ಕೂ ಹಾಕಲಿಕ್ಕೂ.

ಈಗ ನಿಮ್ಮ ನಟ್ಟಿಗೆ ಬರೋಣ. ಕೀ ಮೇಲೆ ಅಥವಾ ಅದರ ಜೊತೆ ಬಂದ ಕಾರ್ಡಿನ ಮೇಲೆ ಒಂದು ನಂಬರ್ ಇದೆಯಾ ನೋಡಿ. ಇದ್ದರೆ ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಅದೇ ನಂಬರಿನ ಹೊಸ ಕೀ ತರಿಸಿಕೊಳ್ಳಬಹುದು. ನಟ್ಟಿನ ಹಲ್ಲು ಪೂರ್ತಿ ಹೋಗಿಲ್ಲದಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಚಕ್ರ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಿ. ಉಳಿದ ನಟ್‌ಗಳನ್ನು ಬಿಚ್ಚಬೇಡಿ, ಬದಲಿಗೆ ಅಕ್ಕಪಕ್ಕದ ಎರಡನ್ನು ಚೂರು ಬಿಗಿ ಮಾಡಿ. ಆಗ ಲಾಕ್ ನಟ್ ಮೇಲಿನ ಎಳೆತ ಸ್ವಲ್ಪ ಇಳಿಯುತ್ತದೆ. ನಟ್ಟಿನ ಸೀಳಿನಲ್ಲಿರುವ ಮಣ್ಣನ್ನು ಪಿನ್ನಿನಿಂದ ಕೆದಕಿ ತೆಗೆದು, ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳ ಮುಟ್ಟುವಷ್ಟು ಕೂರಿಸಿ. ಪಾನಾಕ್ಕೆ ಉದ್ದನೆಯ ಪೈಪ್ ಹಾಕಿ, ಒಂದು ಕೈಯಲ್ಲಿ ಕೀಯನ್ನು ಒಳಕ್ಕೆ ಒತ್ತಿಕೊಂಡು, ನಿಧಾನವಾಗಿ ಒಂದೇ ಸಮ ಭಾರ ಬಿಡಿ. ಜಗ್ಗಬೇಡಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಎಲ್ಲರೂ ಮೊದಲು ಹೊಡೆಯುತ್ತಾರೆ. ಆದರೆ ಮುಂದಿನ ತುದಿ ಮುಚ್ಚಿರುವ ನಟ್ಟಿಗೆ ಅದು ಥ್ರೆಡ್‌ವರೆಗೆ ಇಳಿಯುವುದೇ ಇಲ್ಲ, ಸುಮ್ನೆ ಕೀ ಜಾರುತ್ತದೆ ಅಷ್ಟೇ.

ಅದಕ್ಕೂ ಬರಲಿಲ್ಲ ಅಂದರೆ ಆ ರಾತ್ರಿ ನನ್ನ ಕಾರಿಗೆ ಹಿರಿಯೂರಿನ ಪಂಕ್ಚರ್ ಅಂಗಡಿಯ ಯಜಮಾನರು ಮಾಡಿದ್ದನ್ನೇ ಮಾಡಿ. ನಟ್ಟಿಗಿಂತ ಕೂದಲೆಳೆಯಷ್ಟು ಸಣ್ಣದಾದ, ಒಳಗೆ ಹನ್ನೆರಡು ಮೂಲೆಯಿರುವ ಹಳೇ ಸಾಕೆಟ್ (ನಟ್ ಮೇಲೆ ಟೋಪಿಯ ಹಾಗೆ ಕೂರುವ ಪಾನಾದ ತುದಿ) ತೆಗೆದುಕೊಂಡರು. ಅಲಾಯ್‌ಗೆ ಗೀರು ಬೀಳದಿರಲಿ ಅಂತ ತೂತಿನ ಸುತ್ತ ಟೇಪ್ ಅಂಟಿಸಿದರು. ಸಾಕೆಟ್ಟನ್ನು ನಟ್ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಿದರು. ಪೈಪ್ ಹಾಕಿ ಭಾರ ಬಿಟ್ಟಾಗ ಕಿರ್ರ್ ಅಂತ ಒಂದು ಸದ್ದು. ನಟ್ ಬಿಟ್ಟಿತು. ಕೇಳಿದ್ದು ಮುನ್ನೂರು ರೂಪಾಯಿ.

ಒಂದು ಎಚ್ಚರಿಕೆ. ಕೆಲವು ಲಾಕ್ ನಟ್‌ಗಳ ಹೊರಗಿನ ಉಂಗುರ ತಾನೇ ಸುತ್ತುತ್ತದೆ. ಬೆರಳಲ್ಲಿ ತಿರುಗಿಸಿ ನೋಡಿ. ಸುತ್ತಿದರೆ ಈ ಉಪಾಯ ನಡೆಯುವುದಿಲ್ಲ, ಮೊದಲು ಆ ಉಂಗುರವನ್ನೇ ಒಡೆದು ತೆಗೆಯಬೇಕು. ಒಳಗೆ ಉಲ್ಟಾ ಥ್ರೆಡ್ ಇರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಕೂಡ ಸಿಗುತ್ತದೆ, ಬಿಚ್ಚುವ ಕಡೆ ತಿರುಗಿಸಿದಷ್ಟೂ ಅದು ನಟ್ಟನ್ನು ಕಚ್ಚಿ ಹಿಡಿಯುತ್ತದೆ. ನಟ್ ಮೇಲೆ ಇನ್ನೊಂದು ನಟ್ ವೆಲ್ಡ್ ಮಾಡಿಸುವುದು ಕೊನೆಯ ದಾರಿ. ಬಿಸಿಗೆ ಬೇರಿಂಗ್, ಎಬಿಎಸ್ ಸೆನ್ಸರ್, ಅಲಾಯ್ ಬಣ್ಣ ಎಲ್ಲಕ್ಕೂ ಪೆಟ್ಟು ಬೀಳಬಹುದು. ಮಾಡಿಸಲೇಬೇಕಾದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿಸಿ.

ಗ್ಯಾರೇಜಿನ ವಿಷಯ. ಬಾಯಿಮಾತಿನ ಜಗಳ ಬೇಡ. ಕೀ, ನಟ್ ಎರಡರದ್ದೂ ಹತ್ತಿರದಿಂದ ಫೋಟೋ ತೆಗೆಯಿರಿ. ಬಿಲ್ಲಿನ ನಂಬರ್ ಹಾಕಿ, ನಟ್ ಬಿಚ್ಚುವ ಖರ್ಚು ಮತ್ತು ಹೊಸ ನಟ್ ಸೆಟ್ ಕೊಡಿ ಅಂತ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕೇಳಿ. ಬರಹದಲ್ಲಿ ಕೇಳಿದ್ದಕ್ಕೆ ನನಗೆ ಪೂರ್ತಿ ಹಣ ಬಂತು. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ.

ಇನ್ನು ಮುಂದೆ ಕಾರು ಬಿಡುವಾಗ "ಲಾಕ್ ಕೀ ಒಂದು ಕೊಟ್ಟಿದೆ, ಗನ್ ಬಳಸಬಾರದು" ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಎಷ್ಟೋ ಸಲ ಕೀ ಅವರ ಸಾಕೆಟ್ ಒಳಗೇ ಉಳಿದುಬಿಡುತ್ತದೆ. ನಾನಂತೂ ಕಾರು ತೆಗೆದುಕೊಳ್ಳುವಾಗ ಅವರ ಗೇಟಿನೊಳಗೇ ನಾಲ್ಕೂ ಲಾಕ್ ನಟ್‌ಗಳನ್ನು ನನ್ನ ಪಾನಾದಿಂದ ಕಾಲು ಸುತ್ತು ಬಿಚ್ಚಿ ನೋಡಿ, ಮತ್ತೆ ಬಿಗಿ ಮಾಡುತ್ತೇನೆ. ಕೈಗೆ ಬರದಿದ್ದರೆ ಕೀ ವಾಪಸ್ ಕೊಟ್ಟು, ಅವರಿಂದಲೇ ಸಡಿಲ ಮಾಡಿಸಿ, ಬಿಗಿಯನ್ನು ಅಳೆದು ಹಾಕುವ ಟಾರ್ಕ್ ರೆಂಚಿನಲ್ಲಿ ಹಾಕಿಸುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ನಿಮ್ಮ ಕಾರು ಯಾವುದು, ಹೊರಗಿನ ಉಂಗುರ ಸುತ್ತುತ್ತದಾ ಇಲ್ಲವಾ ಅಂತ ಬರೆಯಿರಿ. ಯಾವ ಅಳತೆಯ ಸಾಕೆಟ್ ಹುಡುಕಬೇಕು ಅಂತ ಹೇಳುತ್ತೇನೆ.